ತೋಲೋಲಿಂಗ್, ಮೇ 28, 1999: ಒಂದು ಹೆಲಿಕಾಪ್ಟರ್, ಒಂದು ಕೊಳವೆ, ಎತ್ತರದ ಲೆಕ್ಕ

ಬೀದರ್‌ನವರಿಗೆ ಜೆಟ್ ವಿಮಾನದ ಸದ್ದು ಮಳೆ-ಬಿಸಿಲಿನಷ್ಟೇ ರೂಢಿ. ವಾಯುಪಡೆಯ ವಿಮಾನ ಪ್ರದರ್ಶನ ತಂಡ ಸೂರ್ಯಕಿರಣ 1996ರಲ್ಲಿ ಹುಟ್ಟಿದ್ದು ಇಲ್ಲಿಯ ವಾಯುನೆಲೆಯಲ್ಲಿ. 2008ರಿಂದ ಹಾಕ್ ತರಬೇತಿ ವಿಮಾನಗಳು ಇಲ್ಲಿ ಹಾರುತ್ತಿವೆ. ಯುದ್ಧವಿಮಾನ ಏರಬೇಕಾದ ಹುಡುಗರು ಇಲ್ಲಿ ಪಳಗಿ ಹೋಗುತ್ತಾರೆ. ಊರಿನ ಕಾಲೇಜುಗಳ ಎನ್‌ಸಿಸಿ ಹುಡುಗ-ಹುಡುಗಿಯರಿಗೂ, ಅಗ್ನಿವೀರ್ ಭರ್ತಿಗೆ ಓದುವವರಿಗೂ ವಿಮಾನದ ಬಗ್ಗೆ ಕೇಳಿದರೆ ವೇಗ, ಬಾಂಬು, ರಡಾರು ಎಲ್ಲ ಹೇಳುತ್ತಾರೆ. ಆ ವಿಮಾನವನ್ನು ನೆಲದ ಮೇಲೆ ನಿಂತ ಒಬ್ಬನೇ ಸಿಪಾಯಿ ಏನು ಮಾಡಬಲ್ಲ ಎಂದು ಕೇಳಿ ನೋಡಿ, ಉತ್ತರ ತಡವರಿಸುತ್ತದೆ. ಅದನ್ನು ಅರ್ಥ ಮಾಡಿಕೊಳ್ಳಲು ನಮ್ಮದೇ ಕಾರ್ಗಿಲ್ ಯುದ್ಧದ ಒಂದು ಬೆಳಗ್ಗೆಗಿಂತ ಒಳ್ಳೆಯ ಪ್ರಕರಣ ಸಿಗಲಾರದು.

ಘಟನೆ ಚಿಕ್ಕದು. 1999ರ ಮೇ 28ರಂದು ದ್ರಾಸ್ ಮೇಲಿನ ತೋಲೋಲಿಂಗ್ ಶಿಖರದ ಬಂಕರುಗಳ ಮೇಲೆ ರಾಕೆಟ್ ದಾಳಿ ಮಾಡಲು ಹೋದ ಎಂಐ-17 ಹೆಲಿಕಾಪ್ಟರುಗಳಲ್ಲಿ ಒಂದು, ಹೆಗಲ ಮೇಲಿಂದ ಹಾರಿಸಿದ ಕ್ಷಿಪಣಿಗೆ ಸಿಕ್ಕು ಉರುಳಿತು. ಸ್ಕ್ವಾಡ್ರನ್ ಲೀಡರ್ ರಾಜೀವ್ ಪುಂಡೀರ್, ಫ್ಲೈಟ್ ಲೆಫ್ಟಿನೆಂಟ್ ಎಸ್. ಮುಹಿಲನ್, ಸಾರ್ಜೆಂಟ್ ಪಿ.ವಿ.ಎನ್.ಆರ್. ಪ್ರಸಾದ್, ಸಾರ್ಜೆಂಟ್ ಆರ್.ಕೆ. ಸಾಹು ನಾಲ್ವರೂ ಉಳಿಯಲಿಲ್ಲ. ಆ ದಿನದ ನಂತರ ಕಾರ್ಗಿಲ್‌ನಲ್ಲಿ ಹೆಲಿಕಾಪ್ಟರ್‌ಗಳನ್ನು ದಾಳಿಗೆ ಕಳಿಸುವುದನ್ನೇ ನಿಲ್ಲಿಸಲಾಯಿತು. ಬಿದ್ದದ್ದು ಒಂದು, ದಾಳಿಯಿಂದ ಹಿಂದೆ ಸರಿದದ್ದು ಅಷ್ಟೂ. ಈ ಪ್ರಕರಣದಲ್ಲಿ ಕಲಿಯಬೇಕಾದದ್ದು ಇರುವುದು ಆ ಎರಡನೇ ಭಾಗದಲ್ಲಿ.

ಅಲ್ಲಿಗೆ ಬಂದದ್ದು ಹೇಗೆ

ಮೇ ತಿಂಗಳ ಮೊದಲಲ್ಲಿ ನುಸುಳುಕೋರರು ಶಿಖರಗಳ ಮೇಲೆ ಕುಳಿತಿದ್ದಾರೆಂದು ಗೊತ್ತಾದಾಗ ಭೂಸೇನೆ ಕೇಳಿದ್ದು ದಾಳಿ ಹೆಲಿಕಾಪ್ಟರುಗಳನ್ನು. ಎಂಐ-25, ಎಂಐ-35ರಂಥ ಕವಚದ ಹೆಲಿಕಾಪ್ಟರುಗಳು ಭಾರ. ಹದಿನೈದು ಸಾವಿರ ಅಡಿಯ ತೆಳುಗಾಳಿಯಲ್ಲಿ ಅವು ಕೆಲಸಕ್ಕೆ ಬರುವುದಿಲ್ಲ ಎಂಬುದು ವಾಯುಪಡೆಯ ನಿಲುವು, ಅದು ಸರಿಯಾದ ನಿಲುವೇ. ಉಳಿದದ್ದು ಎಂಐ-17. ಹುಟ್ಟಾ ಸಾಗಣೆಯ ಹೆಲಿಕಾಪ್ಟರು, ಎತ್ತರಕ್ಕೆ ಒಗ್ಗಿದ್ದು, ಪಕ್ಕಗಳಿಗೆ ರಾಕೆಟ್ ತುಂಬಿದ ಗೂಡು, ಅಂದರೆ ಪಾಡ್ ಕಟ್ಟಬಹುದು. ಸರ್ಕಾರದ ಒಪ್ಪಿಗೆ ಸಿಕ್ಕ ಮೇಲೆ ಮೇ 26ರಂದು ವಾಯುಪಡೆಯ ಕಾರ್ಯಾಚರಣೆ 'ಆಪರೇಷನ್ ಸಫೇದ್ ಸಾಗರ್' ಶುರುವಾಯಿತು. ಗಡಿನಿಯಂತ್ರಣ ರೇಖೆ ದಾಟುವಂತಿಲ್ಲ ಎಂಬ ಷರತ್ತು ಜೊತೆಗೇ ಬಂತು.

ಎಚ್ಚರಿಕೆ ಮೊದಲೇ ಸಿಕ್ಕಿತ್ತು. ಮೇ 21ರಂದು ಛಾಯಾಚಿತ್ರ ತೆಗೆಯಲು ಹೋಗಿದ್ದ ಕ್ಯಾನ್‌ಬೆರಾ ವಿಮಾನದ ಬಲ ಎಂಜಿನ್ನಿಗೆ ಕ್ಷಿಪಣಿ ಬಡಿದಿತ್ತು. ಎರಡು ಎಂಜಿನ್ ಇದ್ದುದರಿಂದ ಅದು ಹೇಗೋ ಶ್ರೀನಗರಕ್ಕೆ ಬಂದು ಇಳಿಯಿತು. ಮೇ 27ರಂದು ಫ್ಲೈಟ್ ಲೆಫ್ಟಿನೆಂಟ್ ಕೆ. ನಚಿಕೇತ ಹಾರಿಸುತ್ತಿದ್ದ ಮಿಗ್-27ರ ಎಂಜಿನ್ ರಾಕೆಟ್ ಬಿಟ್ಟ ಬೆನ್ನಿಗೇ ಆರಿಹೋಯಿತು, ಅವರು ಜಿಗಿದು ಶತ್ರುವಿನ ಕೈಗೆ ಸಿಕ್ಕರು. ಎಲ್ಲಿ ಇಳಿದರೆಂದು ಹುಡುಕುತ್ತ ಕೆಳಗಿಳಿದ ಸ್ಕ್ವಾಡ್ರನ್ ಲೀಡರ್ ಅಜಯ್ ಅಹುಜಾ ಅವರ ಮಿಗ್-21ಕ್ಕೆ ಕ್ಷಿಪಣಿ ತಾಗಿತು. ಅವರಿಗೆ ಮರಣೋತ್ತರ ವೀರಚಕ್ರ ಬಂತು. ಹೀಗೆ ಒಂದೇ ವಾರದೊಳಗೆ ಎರಡು ವಿಮಾನಗಳಿಗೆ ಕ್ಷಿಪಣಿ ತಾಗಿದ ಮೇಲೆ, 28ರ ಬೆಳಗ್ಗೆ ಎಂಐ-17ಗಳು ಹೊರಟವು.

ಆ ಕ್ಷಿಪಣಿ ಯಾವುದು ಎಂಬುದರ ಬಗ್ಗೆ ಎರಡು ಮಾತಿದೆ. ನಮ್ಮ ಕಡೆ ಸಾಮಾನ್ಯವಾಗಿ ಅಮೆರಿಕದ ಸ್ಟಿಂಗರ್ ಎನ್ನುತ್ತಾರೆ. ಪಾಕಿಸ್ತಾನದವರು ತಮ್ಮಲ್ಲೇ ತಯಾರಾದ ಅಂಜಾ ಎಂದು ಹೇಳಿಕೊಳ್ಳುತ್ತಾರೆ. ಕೆಳಗಿನ ಲೆಕ್ಕಕ್ಕೆ ಎರಡರಲ್ಲಿ ಯಾವುದನ್ನು ಹಿಡಿದರೂ ನಡೆಯುತ್ತದೆ.

ಕೊಳವೆಯೊಳಗೆ ಏನಿದೆ

ಕಲಬುರಗಿ ಕೋಟೆಯ ಬಾರಾ ಗಜ್ ತೋಪನ್ನು ನೋಡಿದವರಿಗೆ ಗೊತ್ತು, 29 ಅಡಿ ಉದ್ದ. ಅದನ್ನು ಬುರುಜಿನಿಂದ ಅಲುಗಾಡಿಸುವ ಮಾತೇ ಇಲ್ಲ. ಸ್ಟಿಂಗರ್ ಕ್ಷಿಪಣಿಯ ಉದ್ದ 1.52 ಮೀಟರ್, ಅಂದರೆ ಐದು ಅಡಿ. ದಪ್ಪ 70 ಮಿಲಿಮೀಟರ್, ಹಿಡಿ ಅಗಲಿಸಿದರೆ ಕೈಗೆ ಸಿಗುವಷ್ಟು. ಕ್ಷಿಪಣಿಯೊಂದೇ 10 ಕಿಲೋ, ಕೊಳವೆ, ಹಿಡಿಕೆ ಸೇರಿ ಸುಮಾರು 15 ಕಿಲೋ. ಅರ್ಧ ಮೂಟೆ ಜೋಳಕ್ಕೂ ಕಡಿಮೆ ಭಾರ. ರಷ್ಯಾದ ಇಗ್ಲಾ ಕೂಡ ಹೆಚ್ಚುಕಡಿಮೆ ಇದೇ ಅಳತೆಯದು, ದಪ್ಪ 72 ಮಿಲಿಮೀಟರ್.

ಮುಂದಿನ ತುದಿಯಲ್ಲಿ ಗಾಜಿನ ಗುಮ್ಮಟ, ಅದರ ಹಿಂದೆ ಬಿಸಿಯನ್ನು ನೋಡುವ ಕಣ್ಣು. ಅದಕ್ಕೆ ಸೀಕರ್ ಎನ್ನುತ್ತಾರೆ. ಆಮೇಲೆ ರೆಕ್ಕೆಗಳನ್ನು ತಿರುಗಿಸುವ ಭಾಗ, ಸಿಡಿತಲೆ, ಘನ ಇಂಧನದ ಮೋಟರು. ಸ್ಟಿಂಗರ್‌ನ ಸಿಡಿತಲೆ 3 ಕಿಲೋ, ಹಳೆಯ ಇಗ್ಲಾದ್ದು ಒಂದು ಕಿಲೋದ ಮೇಲೆ ಸ್ವಲ್ಪ. ಇಷ್ಟು ಚಿಕ್ಕ ಸಿಡಿತಲೆ ದೊಡ್ಡ ವಿಮಾನವನ್ನು ಗಾಳಿಯಲ್ಲೇ ನುಚ್ಚುನೂರು ಮಾಡುವುದಿಲ್ಲ. ಕ್ಯಾನ್‌ಬೆರಾ ಉಳಿದು ಬಂದದ್ದು ಅದಕ್ಕೇ. ಆದರೆ ಬಿಸಿಯನ್ನೇ ಹುಡುಕಿಕೊಂಡು ಹೋಗುವುದರಿಂದ ಬಡಿಯುವುದು ಎಂಜಿನ್ನಿಗೆ. ಒಂದೇ ಎಂಜಿನ್ನಿನ ಮಿಗ್‌ಗೂ, ರೋಟರಿನ ಬುಡದಲ್ಲೇ ಎಂಜಿನ್ ಹೊತ್ತ ಹೆಲಿಕಾಪ್ಟರಿಗೂ ಅಷ್ಟೇ ಸಾಕು.

ಕೊಳವೆಯಿಂದ ಕ್ಷಿಪಣಿ ಹೊರಗೆ ಬೀಳುವುದು ಒಂದು ಪುಟ್ಟ ಮೋಟರಿನಿಂದ. ದೊಡ್ಡ ಮೋಟರು ಹೊತ್ತಿಕೊಳ್ಳುವುದು ಕೆಲವು ಮೀಟರ್ ದೂರ ಹೋದ ಮೇಲೆ, ಇಲ್ಲದಿದ್ದರೆ ಹಾರಿಸಿದವನ ಮುಖವೇ ಸುಡುತ್ತದೆ. ಅಲ್ಲಿಂದ ಶಬ್ದದ ಎರಡು ಪಟ್ಟಿಗೂ ಮಿಕ್ಕ ವೇಗ. ಮೋಟರು ಉರಿಯುವುದು ಕೆಲವೇ ಸೆಕೆಂಡು, ಉಳಿದ ದಾರಿ ಓಟದ ರಭಸದಲ್ಲೇ. ಹಾರಿಸಿದವನಿಗೆ ಆಮೇಲೆ ಕೆಲಸವಿಲ್ಲ, ಕ್ಷಿಪಣಿ ತಾನೇ ನೋಡಿಕೊಂಡು ಹೋಗುತ್ತದೆ. ರಡಾರ್ ಬೇಕಿಲ್ಲ, ಹಾಗಾಗಿ ವಿಮಾನದೊಳಗಿನ ರಡಾರ್ ಎಚ್ಚರಿಕೆ ಪೆಟ್ಟಿಗೆಗೂ ಏನೂ ಗೊತ್ತಾಗುವುದಿಲ್ಲ. ಪೈಲಟ್‌ನ ಕಣ್ಣಿಗೆ ಹೊಗೆಯ ಗೆರೆ ಬಿದ್ದರೆ ಉಂಟು.

ಕಣ್ಣಿನ ಗುಣ ತಲೆಮಾರಿನಿಂದ ತಲೆಮಾರಿಗೆ ಬದಲಾಗಿದೆ. 1968ರ ಸೋವಿಯತ್ ಸ್ಟ್ರೇಲಾ-2ಕ್ಕೆ ಕಾಣುತ್ತಿದ್ದದ್ದು ಕೆಂಪಗೆ ಕಾದ ಎಕ್ಸಾಸ್ಟ್, ಅಂದರೆ ಎಂಜಿನ್ನಿನ ಬಿಸಿ ಹೊಗೆ ಹೊರಬೀಳುವ ಬಾಯಿ ಮಾತ್ರ. ವಿಮಾನ ದಾಟಿ ಹೋಗುವಾಗ ಬೆನ್ನಟ್ಟಿ ಹೋಗಬೇಕು, ಅಂದರೆ ಬಾಂಬು ಬಿದ್ದ ಮೇಲೆ. ಸೂರ್ಯನ ಕಡೆಗೂ, ಬಿಸಿಲು ಬಿದ್ದ ಮೋಡದ ಕಡೆಗೂ ಓಡಿಹೋಗುತ್ತಿತ್ತು. ಆಮೇಲೆ ಬಂದ ಸ್ಟಿಂಗರ್, ಇಗ್ಲಾಗಳ ಸೀಕರನ್ನು ತಣ್ಣಗೆ ಮಾಡಿ ಇಡುತ್ತಾರೆ. ತಣ್ಣಗಿರುವ ಕಣ್ಣಿಗೆ ಕಡಿಮೆ ಬಿಸಿಯೂ ಕಾಣುತ್ತದೆ, ಎದುರಿನಿಂದ ಬರುವ ವಿಮಾನವೂ ಕಾಣುತ್ತದೆ. ಆ ತಂಪು ಅನಿಲ ಮತ್ತು ಬ್ಯಾಟರಿ ಒಂದೇ ಡಬ್ಬಿಯಲ್ಲಿ ಇರುತ್ತವೆ, ಒಮ್ಮೆ ಚಾಲೂ ಮಾಡಿದರೆ ಮುಕ್ಕಾಲು ನಿಮಿಷದಷ್ಟು ಹೊತ್ತು. ಅಷ್ಟರಲ್ಲಿ ಗುರಿ ಸಿಗದಿದ್ದರೆ ಆ ಡಬ್ಬಿ ಹಾಳು. ಉಗ್ರಾಣದಲ್ಲಿ ವರ್ಷಾನುಗಟ್ಟಲೆ ಬಿದ್ದ ಕ್ಷಿಪಣಿಗಳು ಕೆಲಸಕ್ಕೆ ಬಾರದಂತಾಗುವುದೂ ಬಹುಮಟ್ಟಿಗೆ ಈ ಡಬ್ಬಿಯಿಂದಲೇ.

ಸ್ಟಿಂಗರ್‌ನ ಕೈ ಚಾಚು ಅಡ್ಡಕ್ಕೆ 4.8 ಕಿಲೋಮೀಟರ್, ಮೇಲಕ್ಕೆ 3.8. ಇಗ್ಲಾದ್ದು 5.2 ಮತ್ತು 3.5. ಲೆಕ್ಕಕ್ಕೆ ಮೇಲಿನ ಮಿತಿ ಮೂರೂವರೆ ಕಿಲೋಮೀಟರ್ ಎಂದೇ ಹಿಡಿಯೋಣ. ಪ್ರಕರಣದ ಗುಟ್ಟು ಈ ಮೂರೂವರೆಯಲ್ಲಿದೆ.

ಎತ್ತರ ಯಾರ ಪಾಲಿಗೆ

ಬೀದರ್‌ನಲ್ಲಿ ಈ ಪ್ರಕರಣವನ್ನು ಚರ್ಚೆಗೆ ಇಟ್ಟರೆ ಮೊದಲು ಬರುವ ಪ್ರಶ್ನೆ ಇದೇ: "ಸರ್ರ, ಬಂಕರ್ ಕೆಳಗ ಇರ್ತದ, ಹೆಲಿಕಾಪ್ಟರ್ ಮ್ಯಾಲ ಇರ್ತದ. ಇನ್ನೂ ಮ್ಯಾಲ ಹೋದ್ರ ಆಯ್ತಲ್ಲ, ಹ್ಯಾಂಗ ಸಿಕ್ತರಿ?"

ಬಯಲುಸೀಮೆಯಲ್ಲಿ ಹುಟ್ಟಿದವರಿಗೆ ಸಹಜವಾದ ಪ್ರಶ್ನೆ. ದಖ್ಖನಿನ ನೆಲ ಸಮುದ್ರಮಟ್ಟದಿಂದ ಆರೇಳುನೂರು ಮೀಟರ್. ಎಂಐ-17 ಹಾರಬಲ್ಲ ಎತ್ತರ ಸುಮಾರು 6,000 ಮೀಟರ್. ಅಂದರೆ ಇಂಥ ನೆಲದ ಮೇಲೆ ಅದಕ್ಕೆ ಐದು ಸಾವಿರ ಮೀಟರಿಗೂ ಹೆಚ್ಚು ಆಕಾಶ ಇದೆ. ಕ್ಷಿಪಣಿ ಮೂರೂವರೆ ಸಾವಿರಕ್ಕೆ ನಿಂತರೆ ಮೇಲೆ ಇನ್ನೂ ಜಾಗ ಉಳಿಯಿತು.

ಈಗ ತೋಲೋಲಿಂಗ್. ಅಲ್ಲಿಯ ಒಂದು ತುದಿಯನ್ನು ಸೇನೆಯ ನಕಾಶೆಯಲ್ಲಿ ಪಾಯಿಂಟ್ 4590 ಎಂದೇ ಕರೆಯುತ್ತಾರೆ, ಎತ್ತರ ಅಷ್ಟೇ ಮೀಟರ್. ಆರು ಸಾವಿರದಿಂದ ಇದನ್ನು ಕಳೆಯಿರಿ, ಉಳಿಯುವುದು 1,410 ಮೀಟರ್. ಹೆಲಿಕಾಪ್ಟರಿಗೆ ಇರುವ ಆಕಾಶವೇ ಅಷ್ಟು. ಕ್ಷಿಪಣಿಯ ಕೈ ಅದರ ಎರಡೂವರೆ ಪಟ್ಟು ಉದ್ದ. ಇನ್ನೂ ಮೇಲೆ ಹೋಗುವ ಮಾತೇ ಇಲ್ಲ. ರಾಕೆಟ್ ಹೊತ್ತು, ಇಂಧನ ತುಂಬಿಕೊಂಡು, ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿಗೂ ಕಡಿಮೆ ಸಾಂದ್ರತೆಯ ಗಾಳಿಯಲ್ಲಿ ರೋಟರು ಎತ್ತುವ ಭಾರವೇ ಕಡಿಮೆ, ಆರು ಸಾವಿರವೆಂಬುದು ಕಾಗದದ ಮೇಲಿನ ಅಂಕಿ. ದ್ರಾಸ್ ಕಣಿವೆಯ ತಳ 3,200 ಮೀಟರ್ ಚಿಲ್ಲರೆ. ಅಲ್ಲಿಂದ ಹತ್ತಿ ಬರುವ ಹೆಲಿಕಾಪ್ಟರ್ ದಾರಿಯ ಬಹುಪಾಲು ಬಂಕರಿಗಿಂತ ಕೆಳಗೇ ಇರುತ್ತದೆ. ಹೊಲ ಕಾಯುವವನು ಅಟ್ಟಣಿಗೆ ಮೇಲೆ ಇದ್ದಾನೆ, ಹಕ್ಕಿ ತೆನೆಯ ಮಟ್ಟದಲ್ಲಿ ಹಾರುತ್ತಿದೆ.

ಆ ಅಟ್ಟಣಿಗೆಯನ್ನು ಕಟ್ಟಿಕೊಟ್ಟದ್ದು ಯಾವ ಯಂತ್ರವೂ ಅಲ್ಲ. ರಡಾರ್ ಹೊತ್ತ ದೊಡ್ಡ ವಾಯುರಕ್ಷಣಾ ಕ್ಷಿಪಣಿಯನ್ನು ಆ ಏಣಿನ ಮೇಲೆ ಸಾಗಿಸಲು ರಸ್ತೆ ಬೇಕು, ಲಾರಿ ಬೇಕು. 15 ಕಿಲೋದ ಕೊಳವೆಗೆ ಒಬ್ಬ ಮನುಷ್ಯನ ಬೆನ್ನು ಸಾಕು. ಸೇನೆಗಳು ಇಂದಿಗೂ ಇದನ್ನು ಬಿಡದಿರಲು ಮುಖ್ಯ ಕಾರಣ ಇದು.

ಈಗ ಅದೇ ದಿನಗಳಲ್ಲಿ ಯುರೋಪಿನಲ್ಲಿ ಏನಾಗುತ್ತಿತ್ತು ನೋಡಿ. 1999ರ ಮಾರ್ಚ್ 24ರಿಂದ ಜೂನ್ 10ರವರೆಗೆ ನ್ಯಾಟೊ ಯುಗೊಸ್ಲಾವಿಯಾದ ಮೇಲೆ ಬಾಂಬು ಹಾಕುತ್ತಿತ್ತು. ಹೆಗಲ ಮೇಲಿನ ಕ್ಷಿಪಣಿ ಮತ್ತು ವಿಮಾನವಿರೋಧಿ ತುಪಾಕಿಗಳಿಂದ ತಪ್ಪಿಸಿಕೊಳ್ಳಲು ತನ್ನ ಪೈಲಟ್‌ಗಳಿಗೆ 15,000 ಅಡಿಗಿಂತ ಕೆಳಗೆ ಇಳಿಯಬೇಡಿ ಎಂದು ಅದು ಗೆರೆ ಎಳೆದಿತ್ತು. 15,000 ಅಡಿ ಎಂದರೆ 4,572 ಮೀಟರ್. ನ್ಯಾಟೊ ಪೈಲಟ್ ಸುರಕ್ಷಿತ ಎಂದುಕೊಂಡಿದ್ದ ಎತ್ತರದಲ್ಲಿ ತೋಲೋಲಿಂಗ್‌ನ ಸಿಪಾಯಿ ಕಲ್ಲಿನ ಮೇಲೆ ಕೂತಿದ್ದ.

ಅರವತ್ತು ಸೆಕೆಂಡು

ಹೆಲಿಕಾಪ್ಟರಿನ ರಾಕೆಟ್‌ಗಳು 57 ಮಿಲಿಮೀಟರಿನವು, ದಾರಿ ತಿದ್ದಿಕೊಳ್ಳುವ ಬುದ್ಧಿ ಅವಕ್ಕಿಲ್ಲ. ಮೂತಿಯನ್ನು ಬಂಕರಿನ ಕಡೆ ನೆಟ್ಟಗೆ ಹಿಡಿದು, ಒಂದೂವರೆ-ಎರಡು ಕಿಲೋಮೀಟರ್ ಹತ್ತಿರ ಬಂದು ಬಿಟ್ಟರೆ ಮಾತ್ರ ಗುರಿಯ ಆಸುಪಾಸಿಗೆ ಬೀಳುತ್ತವೆ. ಗಂಟೆಗೆ 200 ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ 55 ಮೀಟರ್. ಕ್ಷಿಪಣಿಯ ಕೈ ಐದು ಕಿಲೋಮೀಟರ್ ದೂರದಿಂದಲೇ ಶುರು. ಆ ಐದರಿಂದ ಒಂದೂವರೆಯವರೆಗಿನ ಮೂರೂವರೆ ಕಿಲೋಮೀಟರನ್ನು ನೇರವಾಗಿ, ಅಲುಗಾಡದೆ, ಕ್ರಮಿಸಲು ಅರವತ್ತು ಸೆಕೆಂಡಿಗೂ ಹೆಚ್ಚು ಬೇಕು. ಆಮೇಲೆ ತಿರುಗಬೇಕು, ತಿರುಗಿದಾಗ ಬಿಸಿ ಎಕ್ಸಾಸ್ಟ್‌ಗಳು ಬಂಕರಿನ ಕಡೆಗೆ ಆಗುತ್ತವೆ. ಹಿಂದೆ ಹಿಮ ಇಲ್ಲವೇ ತಣ್ಣನೆಯ ಆಕಾಶ, ಅದರ ಮುಂದೆ ಎರಡು ಟರ್ಬೈನ್‌ಗಳ ಬಿಸಿ. ಕ್ಷಿಪಣಿಯ ಕಣ್ಣಿಗೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ಬೇಕಿಲ್ಲ.

ಮೂರು ಕಿಲೋಮೀಟರ್ ದೂರವನ್ನು ಕ್ಷಿಪಣಿ ಸರಿಸುಮಾರು ಐದು ಸೆಕೆಂಡಿನಲ್ಲಿ ಮುಗಿಸುತ್ತದೆ. ಅಷ್ಟರಲ್ಲಿ ಜೆಟ್ ವಿಮಾನ ಒಂದು ಕಿಲೋಮೀಟರಿಗೂ ಮಿಕ್ಕಿ ಹೋಗಿರುತ್ತದೆ. ಹೆಲಿಕಾಪ್ಟರ್ ಸರಿದದ್ದು 275 ಮೀಟರ್.

ಈ ಐದು ಸೆಕೆಂಡಿಗೆ ಇರುವ ಮದ್ದು ಫ್ಲೇರ್. ಮೆಗ್ನೀಸಿಯಂ ಬೆರೆತ ಉಂಡೆಗಳು. ಹೊರಗೆ ಚಿಮ್ಮಿ ಎಂಜಿನ್ನಿಗಿಂತ ಬಿಸಿಯಾಗಿ ಉರಿಯುತ್ತವೆ, ಕ್ಷಿಪಣಿ ಅತ್ತ ತಿರುಗಲಿ ಎಂದು. ಅಪಾಯದ ಜಾಗದಲ್ಲಿ ಕ್ಷಿಪಣಿ ಕಾಣುವವರೆಗೆ ಕಾಯದೆ ಆಗಾಗ ಬಿಡುತ್ತ ಹೋಗುವುದು ರೂಢಿ. ತೋಲೋಲಿಂಗ್‌ನಲ್ಲಿ ಬಿದ್ದ ಹೆಲಿಕಾಪ್ಟರಿನಲ್ಲಿ ಫ್ಲೇರ್ ಬಿಡುವ ಸಾಧನವೇ ಇರಲಿಲ್ಲ.

"ಫ್ಲೇರ್ ಇದ್ದಿದ್ರ ಉಳೀತಿತ್ತೇನ್ರೀ?" ಎಂಬುದು ಎರಡನೇ ಪ್ರಶ್ನೆ. ಹೌದು ಎಂದು ಹೇಳಿಬಿಟ್ಟರೆ ಪ್ರಕರಣ ಸುಲಭವಾಗಿ ಮುಗಿಯುತ್ತದೆ, ಹಾಗಾಗಿಯೇ ಹೇಳಬಾರದು. ಸಾಧನ ಇದ್ದರೆ ಬದುಕುವ ಸಾಧ್ಯತೆ ಖಂಡಿತ ಹೆಚ್ಚುತ್ತಿತ್ತು, ಅದಿಲ್ಲದೆ ಕಳಿಸಿದ್ದು ತಪ್ಪು. ಆದರೆ ಸ್ಟಿಂಗರ್‌ನ ನಂತರದ ಮಾದರಿಗಳು ಇನ್‌ಫ್ರಾರೆಡ್ ಜೊತೆಗೆ ಅಲ್ಟ್ರಾವೈಲೆಟ್‌ನಲ್ಲೂ ನೋಡುತ್ತವೆ, ಫ್ಲೇರಿಗೂ ಎಂಜಿನ್ನಿಗೂ ಇರುವ ವ್ಯತ್ಯಾಸ ಹಿಡಿಯಲು. ಮೇಲಾಗಿ ಫ್ಲೇರ್ ಉಂಡೆಗಳು ಲೆಕ್ಕದ್ದು. ಅರವತ್ತು ಸೆಕೆಂಡಿನ ದಾರಿಯನ್ನು ದಿನಕ್ಕೆ ಹಲವು ಸಲ, ವಾರಗಟ್ಟಲೆ ಕ್ರಮಿಸಬೇಕಾದರೆ ಇವತ್ತಲ್ಲ ನಾಳೆ ಒಂದು ತಾಗುತ್ತದೆ. ಫ್ಲೇರ್ ಇಲ್ಲದ್ದು ಆ ದಿನದ ಕಾರಣ. ಸಾಗಣೆಯ ಹೆಲಿಕಾಪ್ಟರನ್ನು ಅಟ್ಟಣಿಗೆಯ ಕೆಳಗೆ ನೇರ ದಾರಿಯಲ್ಲಿ ಕಳಿಸಿದ್ದು ಮೂಲ ಕಾರಣ.

ಮೇಲೆ ಹೋದ ಮೇಲೆ

28ರ ನಂತರ ಎರಡು ನಿರ್ಧಾರಗಳಾದವು. ದಾಳಿಯ ಕೆಲಸದಿಂದ ಹೆಲಿಕಾಪ್ಟರ್ ವಾಪಸ್. ಸಾಗಣೆಗೆ, ಗಾಯಾಳುಗಳಿಗೆ ಅವು ಹಾರುತ್ತಲೇ ಇದ್ದವು. ಎರಡನೆಯದು, ಯುದ್ಧವಿಮಾನಗಳು ಕ್ಷಿಪಣಿಯ ಕೈಗೆ ಸಿಗದ ಎತ್ತರದಿಂದಲೇ ಬಾಂಬು ಹಾಕಬೇಕು. ಲೆಕ್ಕ ಹಾಕಿ: 4,590ಕ್ಕೆ ಮೂರೂವರೆ ಸಾವಿರ ಸೇರಿಸಿದರೆ 8,000 ಮೀಟರಿನ ಮೇಲೆ, ಅಂದರೆ 26,000 ಅಡಿಗೂ ಹೆಚ್ಚು. ಅಲ್ಲಿಂದಾಚೆ ಹೆಗಲ ಮೇಲಿನ ಕ್ಷಿಪಣಿಗೆ ಅಲ್ಲಿ ಒಂದು ವಿಮಾನವೂ ಬಲಿಯಾಗಲಿಲ್ಲ.

ಅದಕ್ಕೆ ತೆತ್ತ ಬೆಲೆ ಬೇರೆ ಕಡೆ ಕಾಣಿಸಿತು. ಆ ಎತ್ತರದಿಂದ ಬಿಟ್ಟ ಸಾದಾ ಬಾಂಬು ತೆಳುಗಾಳಿಯಲ್ಲಿ ಲೆಕ್ಕಕ್ಕಿಂತ ಬೇರೆ ದಾರಿ ಹಿಡಿಯುತ್ತದೆ. ಬಯಲಿನಲ್ಲಿ ಇಪ್ಪತ್ತು ಮೀಟರ್ ಆಚೆ ಬಿದ್ದರೂ ಚೂರುಗಳು ತಾಗುತ್ತವೆ. ಏಣಿನ ಮೇಲೆ ಇಪ್ಪತ್ತು ಮೀಟರ್ ತಪ್ಪಿದರೆ ಬಾಂಬು ಆಚೆ ಕಣಿವೆಗೆ ಹೋಗಿ ಸಿಡಿಯುತ್ತದೆ, ಬಂಕರಿನವನಿಗೆ ಸದ್ದು ಕೇಳಿಸುತ್ತದೆ ಅಷ್ಟೇ. ಪೈಲಟ್‌ಗಳು ಕೈಯಲ್ಲಿ ಹಿಡಿಯುವ ಜಿಪಿಎಸ್ ಇಟ್ಟುಕೊಂಡು ಗುರಿ ಹುಡುಕಿದ್ದು ಈ ಹೊತ್ತಿನಲ್ಲೇ. ಸರಿಯಾದ ಉತ್ತರ ಬಂದದ್ದು ಮಿರಾಜ್-2000 ಯುದ್ಧವಿಮಾನ, ಗುರಿಯ ಮೇಲೆ ಲೇಸರ್ ಬಿಡುವ ಲೈಟನಿಂಗ್ ಪಾಡ್ ಮತ್ತು ಆ ಲೇಸರ್ ಹಿಡಿದು ಹೋಗುವ ಬಾಂಬು ಒಟ್ಟುಗೂಡಿದಾಗ. ಜೂನ್ 24ರಂದು ಟೈಗರ್ ಹಿಲ್ ಮೇಲಿನ ನೆಲೆಗೆ ಅದು ಬಿತ್ತು. ಮೇ 28ರಿಂದ ಜೂನ್ 24ಕ್ಕೆ ನಾಲ್ಕು ವಾರ.

ಆ ನಾಲ್ಕು ವಾರದ ನಡುವೆ ತೋಲೋಲಿಂಗ್‌ನಲ್ಲಿ ಹೆಲಿಕಾಪ್ಟರ್ ಮಾಡಬೇಕಿದ್ದ ಕೆಲಸವನ್ನು ಬೊಫೋರ್ಸ್ ತೋಪುಗಳೂ ಕಾಲ್ದಳವೂ ಮಾಡಿದವು. 18 ಗ್ರೆನೇಡಿಯರ್ಸ್ ವಾರಗಟ್ಟಲೆ ಆ ಇಳಿಜಾರಿಗೆ ಅಂಟಿಕೊಂಡು ಹೋರಾಡಿದರು. ಜೂನ್ 13ರ ಹೊತ್ತಿಗೆ 2 ರಜಪುತಾನಾ ರೈಫಲ್ಸ್ ಶಿಖರ ಹಿಡಿಯಿತು. ಹೆಗಲ ಮೇಲಿನ ಕ್ಷಿಪಣಿಯ ಲೆಕ್ಕವನ್ನು ಬಿದ್ದ ವಿಮಾನಗಳ ಪಟ್ಟಿಯಲ್ಲಿ ಹುಡುಕುವವರಿಗೆ ಈ ಭಾಗ ಕಾಣುವುದೇ ಇಲ್ಲ. ಕವಣೆ ಹಿಡಿದವನು ಎಷ್ಟು ಗುಬ್ಬಿ ಹೊಡೆದ ಎಂದು ಯಾರೂ ಕೇಳುವುದಿಲ್ಲ, ಜೋಳದ ತೆನೆ ಎಷ್ಟು ಉಳಿಯಿತು ಎಂದು ಕೇಳುತ್ತಾರೆ.

ಇದು ಕಾರ್ಗಿಲ್‌ನ ವಿಶೇಷವೂ ಅಲ್ಲ. ಅಫ್ಘಾನಿಸ್ತಾನದಲ್ಲಿ 1986ರ ಸೆಪ್ಟೆಂಬರಿನಲ್ಲಿ ಸ್ಟಿಂಗರ್ ಮೊದಲು ಹಾರಿದ ಮೇಲೆ ಎಷ್ಟು ಬಿದ್ದವು ಎಂಬ ಅಂಕಿಗಳ ಬಗ್ಗೆ ಇನ್ನೂ ಜಗಳವಿದೆ. ಸೋವಿಯತ್ ವಿಮಾನಗಳು ಮೇಲಕ್ಕೆ ಹೋದವು, ಬಾಂಬು ಗುರಿ ತಪ್ಪತೊಡಗಿತು ಎಂಬುದರಲ್ಲಿ ಜಗಳವಿಲ್ಲ. ಉಕ್ರೇನ್ ಯುದ್ಧದಲ್ಲಿ ಎರಡೂ ಕಡೆಯ ಹೆಲಿಕಾಪ್ಟರುಗಳು ಮರಗಳ ತಲೆ ಸವರಿಕೊಂಡು ಬಂದು, ಮೂತಿ ಮೇಲೆತ್ತಿ, ದೂರದಿಂದಲೇ ರಾಕೆಟ್ ಎಸೆದು ತಿರುಗುವುದನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿದ್ದಾರೆ. ಬದುಕಿ ಬರುತ್ತಾರೆ, ಎಸೆದದ್ದು ಎಲ್ಲಿ ಬಿತ್ತೋ ದೇವರೇ ಬಲ್ಲ.

ನಮ್ಮ ಕೈಯಲ್ಲಿರುವ ಕೊಳವೆ

ಭಾರತದಲ್ಲಿ ಈ ಆಯುಧ ಮುಖ್ಯವಾಗಿ ಸೇನಾ ವಾಯುರಕ್ಷಣಾ ದಳದ ಕೈಯಲ್ಲಿದೆ. ತೋಪುದಳದಿಂದ 1994ರಲ್ಲಿ ಬೇರೆಯಾದ ದಳ, ತರಬೇತಿ ಒಡಿಶಾದ ಗೋಪಾಲಪುರದಲ್ಲಿ. ದಶಕಗಳಿಂದ ಇದ್ದದ್ದು ಇಗ್ಲಾ. ಅದರ ಜಾಗಕ್ಕೆ ಇಗ್ಲಾ-ಎಸ್ ಬರುತ್ತಿದೆ: ಕೈ ಚಾಚು 6 ಕಿಲೋಮೀಟರ್, ಸಿಡಿತಲೆ 2.5 ಕಿಲೋ, ಹಳೆಯದರ ಎರಡು ಪಟ್ಟು. ಮೊದಲ ಕಂತಿನ 24 ಲಾಂಚರ್, 100 ಕ್ಷಿಪಣಿ 2024ರಲ್ಲಿ ಬಂದವು. ಇನ್ನೊಂದು ಕಡೆ, ಬೀದರ್‌ನಿಂದ ಬಸ್ಸಿನಲ್ಲಿ ಮೂರು-ನಾಲ್ಕು ಗಂಟೆ ದೂರದ ಹೈದರಾಬಾದ್‌ನಲ್ಲಿ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ರಿಸರ್ಚ್ ಸೆಂಟರ್ ಇಮಾರತ್ ಸ್ವದೇಶಿ ಕ್ಷಿಪಣಿಯನ್ನೇ ರೂಪಿಸಿದೆ. ಹೆಸರು ವಿಶೋರಾಡ್ಸ್, ಅಂದರೆ ಬಲು ಹತ್ತಿರದ ವಾಯುರಕ್ಷಣಾ ವ್ಯವಸ್ಥೆ.

ಸ್ವದೇಶಿಯದನ್ನು 2025ರ ಫೆಬ್ರವರಿ 1ರಂದು ಒಡಿಶಾದ ಚಾಂದಿಪುರ ಕಡಲ ತೀರದಲ್ಲಿ ಮೂರು ಸಲ ಹಾರಿಸಿ ನೋಡಿದರು. ಗುರಿಗಳು ಬಲು ಕೆಳಗೆ ಹಾರುವಂಥವು, ಡ್ರೋನ್‌ನ ಹಾಗೆ ಬಿಸಿಯನ್ನು ಬೇಕೆಂದೇ ಕಡಿಮೆ ಮಾಡಿದಂಥವು. ಮೂರೂ ಬಿದ್ದವು. ತೋಲೋಲಿಂಗ್‌ನ ಕ್ಷಿಪಣಿಗೆ ಎರಡು ಟರ್ಬೈನ್‌ಗಳ ಬಿಸಿ ಸಿಕ್ಕಿತ್ತು. ಈಗಿನ ಸೀಕರ್ ಹುಡುಕಬೇಕಾದದ್ದು ಬೈಕಿನ ಎಂಜಿನ್ನಿನಷ್ಟು ಬಿಸಿ, ಕೆಲವೊಮ್ಮೆ ಅದೂ ಇಲ್ಲ, ಬರೀ ಬ್ಯಾಟರಿ ಮೋಟರು.